ಗುಡುಗುಡಿಯೂ ಗಿಟಾರೂ

ಹಾಡಿನ ವಿಷಯದಲ್ಲಿ ನಮ್ಮ ಜನರಲ್ಲಿ ಮೂರು ಪಂಗಡಗಳುಂಟು. ತಮಗೆ ಹಿಡಿಸಿದ್ದನ್ನು ಹಾಡೆಂದು ಒಪ್ಪುವವರು ಕೆಲವರು. ತಮ್ಮ ತಂದೆಯವರಿಗೆ ಹಿಡಿಸಿದ್ದನ್ನು ಮಾತ್ರ ಹಾಡೆಂದು ಒಪ್ಪುವವರು ಹಲವರು. ಮಕ್ಕಳಿಗೆ ಹಿಡಿಸಿದ್ದೆಲ್ಲ ಗದ್ದಲವೆಂದು ಮೊದಲೇ ತೀರ್ಮಾನಿಸಿರುವವರು ಮಿಕ್ಕವರು. ಈ ಮೂರು ಪಂಗಡದವರೂ ಒಂದೇ ಮನೆಯ ಒಂದೇ ಕೋಣೆಯಲ್ಲಿ ಕಾಫಿ ಕುಡಿಯುತ್ತ ಕುಳಿತಿರುವ ಹೊತ್ತಿನಲ್ಲಿ ರಘು ದೀಕ್ಷಿತರ ‘ಗುಡುಗುಡಿಯ ಸೇದಿ ನೋಡೋ’ ಹಾಕಿ ನೋಡಬೇಕು. ಕಾಫಿ ಆರುತ್ತದೆ, ಮಾತು ಕಾವೇರುತ್ತದೆ.

ಜಗಳ ಹೊಸದೇನಲ್ಲ. ಆ ಹಾಡಿರುವ ಆಲ್ಬಂ ಹೊರಬಂದದ್ದು 2008ರಲ್ಲಿ. ಇಷ್ಟು ಹೊತ್ತಿಗೆ ತಣ್ಣಗಾಗಬೇಕಿತ್ತು. ಆದರೆ ಕೆಲವು ಜಗಳಗಳು ಉಪ್ಪಿನಕಾಯಿಯ ಹಾಗೆ. ಜಾಡಿಯಲ್ಲಿದ್ದಷ್ಟೂ ಹದಕ್ಕೆ ಬರುತ್ತವೆ. ದೆಹಲಿಯ ನಮ್ಮ ಕನ್ನಡ ಮನೆಗಳಲ್ಲಿ ಪ್ರತಿವರ್ಷವೂ ನವೆಂಬರ್ ತಿಂಗಳು ಹತ್ತಿರವಾದಂತೆ ಈ ಜಾಡಿಯ ಮುಚ್ಚಳ ತೆರೆಯುತ್ತದೆ. ರಾಜ್ಯೋತ್ಸವದ ಸಭೆಯಲ್ಲಿ ಮಕ್ಕಳು ಏನು ಹಾಡಬೇಕು, ಹೇಗೆ ಹಾಡಬೇಕು ಎಂಬುದು ಆಗ ಇತ್ಯರ್ಥವಾಗಬೇಕಲ್ಲ!

ಈ ಗಾಯಕರ ಪರಿಚಯವಿಲ್ಲದ ಹಿರಿಯ ವಾಚಕರಿಗಾಗಿ ಎರಡು ಮಾತು. ರಘು ದೀಕ್ಷಿತರು ಮೈಸೂರಿನಲ್ಲಿ ಬೆಳೆದವರು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವರು, ಅದೂ ಚಿನ್ನದ ಪದಕದೊಡನೆ. ಭರತನಾಟ್ಯವನ್ನು ಕ್ರಮವಾಗಿ ಕಲಿತವರು. ಗಿಟಾರು ಕೈಗೆ ಬಂದದ್ದು ಓದುವ ಕಾಲದಲ್ಲಿ ಜೊತೆಯವನೊಬ್ಬನೊಡನೆ ಕಟ್ಟಿದ ಪಂಥದಿಂದ ಎಂದು ಅವರೇ ಹೇಳಿಕೊಂಡಿದ್ದಾರೆ. ಮೊದಲು ‘ಅಂತರಾಗ್ನಿ’ ಎಂಬ ತಂಡ ಕಟ್ಟಿದರು. ಅದು ಚದುರಿದ ಮೇಲೆ ಈಗಿನ ತಂಡ ಕಟ್ಟಿದರು. ವೇದಿಕೆಗೆ ಬರುವಾಗ ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಕೊರಳಿಗೆ ಗಿಟಾರು. ಪಕ್ಕದಲ್ಲಿ ಪಿಟೀಲು, ಹಿಂದೆ ಡ್ರಮ್ಮು. ಮೈಸೂರಿನ ಕಡೆಯ ಹಿರಿಯರೊಬ್ಬರು ಈ ವೇಷವನ್ನು ಕಂಡು, “ಇವನು ಹಾಡಲಿಕ್ಕೆ ಹೊರಟವನೋ, ಹರಕೆ ತೀರಿಸಲಿಕ್ಕೆ ಹೊರಟವನೋ?” ಎಂದದ್ದುಂಟು. ಯೋಚಿಸಿ ನೋಡಿದರೆ ಅದು ಬೈಗುಳವಲ್ಲ.

ತಮ್ಮ ಹೆಸರನ್ನೇ ಹೆಸರಾಗಿ ಇಟ್ಟು ಅವರು ಹೊರತಂದ ಈ ಮೊದಲನೆಯ ಆಲ್ಬಂಗೆ ಮುಂಬಯಿಯ ಚಿತ್ರಸಂಗೀತದ ಜೋಡಿ ವಿಶಾಲ್–ಶೇಖರ್ ಅವರ ಬೆಂಬಲವಿತ್ತು. ಅದರಲ್ಲಿ ಹಿಂದಿ ಹಾಡುಗಳುಂಟು, ಇಂಗ್ಲಿಷಿನವೂ ಉಂಟು. ಅವುಗಳ ನಡುವೆ, ದೊಡ್ಡ ಪಟ್ಟಣದ ಮದುವೆಗೆ ಬಂದ ಹಳ್ಳಿಯ ನೆಂಟರ ಹಾಗೆ, ಶಿಶುನಾಳ ಷರೀಫರ ಎರಡು ಪದಗಳು ಕುಳಿತಿವೆ: ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’. ಮುಂದೆ 2010ರಲ್ಲಿ ತಂಡ ಬಿ.ಬಿ.ಸಿ. ಟೆಲಿವಿಷನ್ನಿನಲ್ಲಿ ಜೂಲ್ಸ್ ಹಾಲೆಂಡ್ ಎಂಬುವರ ಪ್ರಸಿದ್ಧ ಸಂಗೀತ ಕಾರ್ಯಕ್ರಮದಲ್ಲಿ ಹಾಡಿತು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿತು. 2013ರಲ್ಲಿ ‘ಜಗ್ ಚಂಗಾ’ ಎಂಬ ಎರಡನೆಯ ಆಲ್ಬಂ ಬಂತು. ಅದರಲ್ಲಿಯೂ ಷರೀಫರ ‘ಲೋಕದ ಕಾಳಜಿ’, ‘ಕೋಡಗನ ಕೋಳಿ ನುಂಗಿತ್ತಾ’ ಇವೆ. ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಒಂದು ಸಣ್ಣ ಊರಿನ ಮಾತು ಇಂಗ್ಲೆಂಡಿನ ಕೆಸರುಗದ್ದೆಯಲ್ಲಿ ನಿಂತ ಜನರ ಕಿವಿಗೆ ಬಿತ್ತು. ಬಿದ್ದು ಏನಾಯಿತು ಎಂಬುದೇ ಪ್ರಶ್ನೆ.

ನಾವಿರುವ ಚಾಣಕ್ಯಪುರಿಯಲ್ಲಿ ಬೀದಿಗಳ ಹೆಸರು ಬಹಳ ಘನವಾದವು: ಶಾಂತಿ ಪಥ, ನ್ಯಾಯ ಮಾರ್ಗ, ಸತ್ಯ ಮಾರ್ಗ, ವಿನಯ ಮಾರ್ಗ. ಈ ಸಲದ ಚರ್ಚೆ ಆರಂಭವಾದದ್ದು ವಿನಯ ಮಾರ್ಗದ ಒಂದು ಮನೆಯಲ್ಲಿ. ಮೊದಲ ಹತ್ತು ನಿಮಿಷದಲ್ಲಿಯೇ ವಿನಯ ಎದ್ದು ಹೊರಟುಹೋಯಿತು. ಸತ್ಯ ಮಾತ್ರ ಎಲ್ಲರ ಬಳಿಯೂ ಒಂದೊಂದು ಇತ್ತು.

ಆಕ್ಷೇಪಿಸಿದವರ ಮಾತನ್ನು ಮೊದಲು ಕೇಳೋಣ. ವಯಸ್ಸಿಗೆ ಸಲ್ಲಬೇಕಾದ ಮರ್ಯಾದೆ ಅದು. ಅವರು ಹೇಳಿದ್ದು ಇಷ್ಟು. ತತ್ತ್ವಪದವೆಂದರೆ ಮನರಂಜನೆಯ ಸರಕಲ್ಲ. ದಿನದ ದುಡಿಮೆ ಮುಗಿಸಿ ಬಂದವರು, ಮಠದ ಕಟ್ಟೆಯ ಮೇಲೋ ಗುಡಿಯ ಅಂಗಳದಲ್ಲೋ ಕುಳಿತು, ಏಕತಾರಿ ತಾಳ ಹಿಡಿದು, ಗುರುವನ್ನು ನೆನೆದು ಹಾಡುವಂಥದು. ಅದನ್ನು ಬಣ್ಣದ ದೀಪಗಳ ಕೆಳಗೆ ನಿಂತು ಹಾಡಿ, ಎದುರಿಗಿದ್ದವರನ್ನು ಕುಣಿಸಿ, ಚಪ್ಪಾಳೆ ಹೊಡೆಸಿದರೆ ಪದ ಉಳಿಯಬಹುದು, ತತ್ತ್ವ ಉಳಿಯುತ್ತದೆಯೆ? ಇದು ಹಗುರವಾದ ಆಕ್ಷೇಪವಲ್ಲ. ಧಾರವಾಡದ ಕಡೆಯವರೊಬ್ಬರದು ಇನ್ನೊಂದು ತಕರಾರು. ಷರೀಫರ ಮಾತಿಗೆ ಆ ಕಡೆಯ ನೆಲದ ತೂಕವುಂಟು, ಮೈಸೂರಿನ ನಾಲಗೆಯಲ್ಲಿ ಅದು ಬೆಣ್ಣೆ ಹಚ್ಚಿದ ರೊಟ್ಟಿಯಂತಾಗುತ್ತದೆ ಎಂದು ಅವರ ದೂರು. (ಬೆಣ್ಣೆ ಹಚ್ಚಿದರೆ ರೊಟ್ಟಿ ಕೆಡುತ್ತದೆಂದು ನಾವು ಕೇಳಿದ್ದು ಅದೇ ಮೊದಲು.) ಮೂರನೆಯವರೊಬ್ಬರು ಹೆಚ್ಚು ಮಾತಾಡಲಿಲ್ಲ, “ಅಶ್ವತ್ಥರು ಹಾಡಿದ ಮೂಲ ಧಾಟಿಯನ್ನು ಇವರೇಕೆ ಕೆಡಿಸಬೇಕು?” ಎಂದಷ್ಟೇ ಕೇಳಿ ಸುಮ್ಮನಾದರು.

ಕಿರಿಯರ ಉತ್ತರ ಚಿಕ್ಕದಾಗಿತ್ತು. ಷರೀಫರೆಂಬ ಹೆಸರು ತಮಗೆ ತಿಳಿದದ್ದೇ ಈ ಹಾಡಿನಿಂದ. ಇದಿಲ್ಲದಿದ್ದರೆ ತಿಳಿಯುತ್ತಲೇ ಇರಲಿಲ್ಲ. ಒಬ್ಬ ಹುಡುಗ ಹೇಳಿದ, ತಾನು ಮೊದಲು ಮೆಚ್ಚಿದ್ದು ಅದೇ ಆಲ್ಬಂನ ‘ಮೈಸೂರ್ ಸೇ ಆಯೀ’ ಎಂಬ ಹಿಂದಿ ಹಾಡನ್ನು. ಶಾಲೆಯ ಗೆಳೆಯರೆಲ್ಲ ಅದನ್ನು ಗುನುಗುತ್ತಿದ್ದರು. ಅದರ ಬೆನ್ನು ಹಿಡಿದು ಕೇಳುತ್ತ ಹೋದಾಗ ಒಂದು ಹಾಡು ಅಮ್ಮ ಫೋನಿನಲ್ಲಿ ಅಜ್ಜಿಯೊಡನೆ ಆಡುವ ಭಾಷೆಯಲ್ಲಿತ್ತು ಎಂದು. ಈ ಮಾತು ನಮ್ಮ ಮನಸ್ಸಿನಲ್ಲಿ ನಿಂತಿತು. ನಮ್ಮ ಮಕ್ಕಳ ದಿನಚರಿಯೇ ಆ ಆಲ್ಬಂನ ಹಾಗಿದೆಯಲ್ಲವೆ? ಬಹುಪಾಲು ಹಿಂದಿ, ಅಷ್ಟಿಷ್ಟು ಇಂಗ್ಲಿಷು, ನಡುವೆ ಎಲ್ಲೋ ಎರಡು ಕನ್ನಡ.

ಇಷ್ಟು ಹೊತ್ತೂ ಸುಮ್ಮನೆ ಕುಳಿತಿದ್ದವರು ಆ ಮನೆಯ ಅಳಿಯಂದಿರು. ಕಾನ್‌ಪುರದ ಕಡೆಯವರು, ಕನ್ನಡ ಬಾರದು. ‘ಗುಡುಗುಡಿ’ ಎಂಬ ಮಾತು ಅವರಿಗೆ ತಟ್ಟನೆ ಹೊಳೆಯಿತು. ಅವರ ಕಡೆಯೂ ಸಣ್ಣ ಹುಕ್ಕಕ್ಕೆ ‘ಗುಡ್‌ಗುಡೀ’ ಎನ್ನುತ್ತಾರಂತೆ. ಹಾಡು ತಮಗೆ ಹಿಡಿಸಿತೆಂದೂ, ಮುಂದಿನ ನುಡಿಗಳ ಅರ್ಥ ಹೇಳಬೇಕೆಂದೂ ಬಹಳ ಸೌಜನ್ಯದಿಂದ ಕೇಳಿದರು. ಸಭೆ ನಿಶ್ಶಬ್ದವಾಯಿತು. ಪರವಾಗಿದ್ದವರಿಗೂ ಗೊತ್ತಿರಲಿಲ್ಲ, ವಿರೋಧವಾಗಿದ್ದವರಲ್ಲಿ ಬಹಳ ಮಂದಿಗೂ ಗೊತ್ತಿರಲಿಲ್ಲ. ಗಿಟಾರು ಸರಿಯೋ ತಪ್ಪೋ ಎಂದು ಒಂದು ಗಂಟೆ ಹೊಡೆದಾಡಿದವರು, ಗಿಟಾರು ಯಾವ ಮಾತಿಗೆ ಪಕ್ಕವಾದ್ಯವೆಂಬುದನ್ನು ಯೋಚಿಸಿಯೇ ಇರಲಿಲ್ಲ.

ಇರಲಿ. ‘ಮೂಲ ಧಾಟಿ’ಯ ವಿಷಯಕ್ಕೆ ಬರೋಣ. ಷರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಮುಸಲ್ಮಾನರ ಮನೆಯ ಮಗ. ಕಳಸದ ಗೋವಿಂದಭಟ್ಟರ ಶಿಷ್ಯ. ಅವರು ಹಾಡಿದ್ದನ್ನು ಧ್ವನಿಮುದ್ರಿಸಿಕೊಳ್ಳುವ ಯಂತ್ರ ಅಂದು ಆ ಸೀಮೆಗೆ ಬಂದಿರಲಿಲ್ಲ, ಸ್ವರಪ್ರಸ್ತಾರ ಹಾಕಿ ಬರೆದಿಟ್ಟವರೂ ಇಲ್ಲ. ಪದಗಳು ಉಳಿದದ್ದು ಬಾಯಿಂದ ಬಾಯಿಗೆ, ಭಜನೆಯ ಮೇಳದಿಂದ ಮೇಳಕ್ಕೆ. ಊರಿಗೊಂದು ಮಟ್ಟು, ಮೇಳಕ್ಕೊಂದು ಲಯ. ಇಂದು ನಮ್ಮ ಕಿವಿಯಲ್ಲಿ ‘ಷರೀಫರ ಧಾಟಿ’ ಎಂದು ಕೂತಿರುವುದು ಸಿ. ಅಶ್ವತ್ಥರು 1980ರ ದಶಕದಲ್ಲಿ ರಾಗ ಹೊಂದಿಸಿ ಧ್ವನಿಸುರುಳಿಗಳಲ್ಲಿ ಹಾಡಿದ್ದು. ಆ ಪದಗಳನ್ನು ಸಂಗ್ರಹಿಸಿ, ಅರ್ಥ ಬಿಡಿಸಿ, ಅಶ್ವತ್ಥರ ಕೈಗೂ ನಾಡಿನ ಕೈಗೂ ಕೊಟ್ಟವರು ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು, ಜನ ಅವರನ್ನು ‘ಷರೀಫ ಭಟ್ಟ’ರೆಂದೇ ಕರೆದರು. ‘ಅಳಬೇಡ ತಂಗಿ’ಯನ್ನು ಮನೆಮನೆಗೆ ಮುಟ್ಟಿಸಿದ ಕಂಠ ಶಿವಮೊಗ್ಗ ಸುಬ್ಬಣ್ಣನವರದು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಿತ್ರ ಬಂದ ಮೇಲಂತೂ ಅಶ್ವತ್ಥರ ಮಟ್ಟೇ ಷರೀಫರ ಮಟ್ಟು ಎಂದಾಯಿತು. ಇದು ಅಶ್ವತ್ಥರ ದೊಡ್ಡಸ್ತಿಕೆ. ಹಾಡುಗಾರನೊಬ್ಬ ಕಟ್ಟಿದ ರಾಗವನ್ನು ಜನ ಸಂತನದೇ ಎಂದು ನಂಬುವಂತಾದರೆ ಅದಕ್ಕಿಂತ ಬೇರೆ ಪ್ರಶಸ್ತಿ ಏನು ಬೇಕು! ಆದರೆ ಅದೂ ಒಂದು ಪ್ರಯೋಗವೇ ಆಗಿತ್ತೆಂಬುದನ್ನು ಮರೆಯಬಾರದು. ಶಿಶುನಾಳದ ಮುದುಕರು ಯಾರಾದರೂ ಆ ವಾದ್ಯಮೇಳವನ್ನೂ ಕೋರಸ್ಸನ್ನೂ ಕೇಳಿ ಹುಬ್ಬು ಗಂಟಿಕ್ಕಿದ್ದರೆ ನಮಗೆ ಆಶ್ಚರ್ಯವಿಲ್ಲ.

ಅದಕ್ಕೂ ಹಿಂದಕ್ಕೆ ಹೋಗಿ. ಪಿ. ಕಾಳಿಂಗರಾಯರು ಸೋಹನ್‌ಕುಮಾರಿ, ಮೋಹನ್‌ಕುಮಾರಿಯರೊಡನೆ ಊರೂರು ತಿರುಗಿ ಬೇಂದ್ರೆ, ಕುವೆಂಪು ಅವರ ಕವನಗಳನ್ನು ಹಾಡಿದಾಗ, ಕವನವನ್ನು ಓದಬೇಕೇ ಹೊರತು ಹಾಡಬಾರದು ಎನ್ನುವವರಿದ್ದರು. 1978ರಲ್ಲಿ ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದರ ಕವನಗಳನ್ನು ‘ನಿತ್ಯೋತ್ಸವ’ ಎಂಬ ಧ್ವನಿಸುರುಳಿಯಾಗಿ ತಂದರು. ಆಗಲೂ ಕವಿತೆ ಪುಸ್ತಕದಲ್ಲಿರಬೇಕೋ ಸುರುಳಿಯಲ್ಲಿರಬೇಕೋ ಎಂಬ ಚರ್ಚೆ ನಿಲ್ಲಲಿಲ್ಲ. ಇಂದು ಆ ಹಾಡುಗಳಿಲ್ಲದೆ ನಮ್ಮ ಯಾವ ಸಂಘದ ಯಾವ ಸಭೆಯೂ ಆರಂಭವಾಗುವುದಿಲ್ಲ.

ವಾದ್ಯದ ಮಾತೂ ಹೀಗೆಯೇ. ಗಿಟಾರು ವಿದೇಶಿ, ಹಾರ್ಮೋನಿಯಂ ನಮ್ಮದು ಎಂದು ಆ ದಿನ ಒಬ್ಬರು ಗುದ್ದಿ ಹೇಳಿದರು. ಹಾರ್ಮೋನಿಯಂಗೆ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಸಿಕ್ಕಿದ್ದು 1842ರಲ್ಲಿ. ಆಗ ನಮ್ಮ ಷರೀಫರಿಗೆ ಇಪ್ಪತ್ತಮೂರು ವರ್ಷ. ನೆಲದ ಮೇಲೆ ಕುಳಿತು ಒಂದು ಕೈಯಲ್ಲಿ ತಿದಿ ಒತ್ತಿ ನುಡಿಸುವ ಪೆಟ್ಟಿಗೆಯನ್ನು ಕಲಕತ್ತೆಯಲ್ಲಿ ರೂಢಿಗೆ ತರುವ ಹೊತ್ತಿಗೆ ಅವರಿಗೆ ನಡುವಯಸ್ಸು ದಾಟಿತ್ತು. ಎಂದಮೇಲೆ, ಷರೀಫರ ಪದಕ್ಕೆ ‘ಸಂಪ್ರದಾಯದ’ ವಾದ್ಯವೆಂದು ನಾವು ಹೇಳುವ ಪೆಟ್ಟಿಗೆ ವಯಸ್ಸಿನಲ್ಲಿ ಷರೀಫರಿಗಿಂತ ಚಿಕ್ಕದು.

ನಮ್ಮ ಈ ದೆಹಲಿಗೇ ಆ ಪೆಟ್ಟಿಗೆಯ ಇನ್ನೊಂದು ಕಥೆಯುಂಟು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಬಹಿಷ್ಕರಿಸಿತು. ನಮ್ಮ ರಾಗಗಳ ಸೂಕ್ಷ್ಮವಾದ ಶ್ರುತಿಗಳು, ಗಮಕಗಳು ಅದರ ಕಟ್ಟುಮನೆಗಳಲ್ಲಿ ಬರುವುದಿಲ್ಲ ಎಂಬುದು ಕಾರಣ. ವಾದ ಸುಳ್ಳಲ್ಲ. ಬಹಿಷ್ಕಾರ ಸಡಿಲವಾದದ್ದು 1971ರ ವೇಳೆಗೆ. ಮೂವತ್ತು ವರ್ಷ ರೇಡಿಯೋದಲ್ಲಿ ಇಲ್ಲದ ವಾದ್ಯ ಊರಿನ ಭಜನೆಯ ಮನೆಗಳಲ್ಲಿ, ನಾಟಕದ ಕಂಪನಿಗಳಲ್ಲಿ, ಸಂಗೀತದ ಮೇಷ್ಟರ ಜಗುಲಿಯ ಮೇಲೆ ಸುಖವಾಗಿಯೇ ಇತ್ತು.

ಇನ್ನೊಂದು ಉದಾಹರಣೆ ಇದಕ್ಕಿಂತಲೂ ಹತ್ತಿರದ್ದು. 1952ರಲ್ಲಿ ಬಿ.ವಿ. ಕೇಸ್ಕರರು ವಾರ್ತಾ ಮತ್ತು ಪ್ರಸಾರ ಖಾತೆಯ ಮಂತ್ರಿಗಳಾದರು. ವಿದ್ವಾಂಸರು, ಶಾಸ್ತ್ರೀಯ ಸಂಗೀತದ ನಿಜವಾದ ಅಭಿಮಾನಿಗಳು. ಜನರ ಅಭಿರುಚಿಯನ್ನು ಎತ್ತರಿಸಬೇಕೆಂಬ ಸದುದ್ದೇಶ ಅವರದು. ಅದರ ಪರಿಣಾಮವಾಗಿ ಚಿತ್ರಗೀತೆಗಳಿಗೆ ಆಕಾಶವಾಣಿಯ ಬಾಗಿಲು ಮುಚ್ಚಿದಂತಾಯಿತು. ಜನ ಏನು ಮಾಡಿದರು? ರೇಡಿಯೋದ ಮುಳ್ಳನ್ನು ಒಂದಿಷ್ಟು ತಿರುಗಿಸಿ ಸಿಲೋನಿಗೆ ಹೋದರು. ಬಿನಾಕಾ ಗೀತಮಾಲಾ ಆರಂಭವಾದದ್ದೂ ಅದೇ 1952ರಲ್ಲಿ. ಬುಧವಾರದ ರಾತ್ರಿ ದೇಶಕ್ಕೆ ದೇಶವೇ ಕೊಲಂಬೋದ ಕಡೆಗೆ ಕಿವಿಯಿಟ್ಟು ಕುಳಿತಿತು. ಕಡೆಗೆ 1957ರಲ್ಲಿ ಆಕಾಶವಾಣಿಯೇ ವಿವಿಧ ಭಾರತಿಯನ್ನು ತೆರೆಯಬೇಕಾಯಿತು. ಕೇಸ್ಕರರ ಅಭಿರುಚಿಯನ್ನು ನಾವು ಹಳಿಯುವುದಿಲ್ಲ. ಅವರಿಂದಾಗಿ ದೊಡ್ಡ ದೊಡ್ಡ ವಿದ್ವಾಂಸರ ಕಂಠ ಸಾಮಾನ್ಯರ ಮನೆಗೆ ಬಂತು. ಆದರೆ ಬೇಡವೆಂದಾಗ ಕೇಳುಗ ಕೇಳುವುದನ್ನು ಬಿಡಲಿಲ್ಲ, ಬೇರೆ ಸ್ಟೇಷನ್ನಿಗೆ ಹೋದ ಎಂಬುದಂತೂ ಚರಿತ್ರೆ.

ಹೊರಗಿನವರಲ್ಲಿಯೂ ಇದೇ ಪಾಡು. ಅಮೆರಿಕದ ಜಾನಪದ ಗೀತೆಗಳ ಕಣ್ಮಣಿಯಾಗಿದ್ದ ಬಾಬ್ ಡಿಲನ್ 1965ರ ಜುಲೈಯಲ್ಲಿ ನ್ಯೂಪೋರ್ಟಿನ ಉತ್ಸವಕ್ಕೆ ವಿದ್ಯುತ್ ಗಿಟಾರು ಹಿಡಿದು ಬಂದಾಗ ಸಭಿಕರಲ್ಲಿ ಹಲವರು ಕೂಗಿ ಗಲಾಟೆ ಮಾಡಿದರು. 2016ರಲ್ಲಿ ಆತನಿಗೆ ನೊಬೆಲ್ ಬಹುಮಾನ ಬಂತು, ಅದೂ ಸಾಹಿತ್ಯಕ್ಕೆ! ಗಲಾಟೆ ಮಾಡಿದವರಲ್ಲಿ ಬದುಕಿದ್ದವರು ಆ ದಿನ ಏನೆಂದುಕೊಂಡರೋ.

ಇಷ್ಟೆಲ್ಲ ಹೇಳಿದೆವೆಂದು ನಾವು ಕಿರಿಯರ ಪಕ್ಷಕ್ಕೆ ಸೇರಿಬಿಟ್ಟೆವೆಂದು ಯಾರೂ ತಿಳಿಯಬಾರದು. ಹೊಸದೆಲ್ಲ ಕಾಲಕ್ರಮದಲ್ಲಿ ಹಳೆಯದಾಗುತ್ತದೆ ಎಂಬುದು ನಿಜ. ಆದರೆ ಹೊಸದೆಲ್ಲ ಒಳ್ಳೆಯದು ಎಂದು ಅದರಿಂದ ಸಿದ್ಧವಾಗುವುದಿಲ್ಲ. ಎಷ್ಟೋ ಧ್ವನಿಸುರುಳಿಗಳು ಬಂದಷ್ಟೇ ಬೇಗ ಧೂಳು ಹಿಡಿದವು. ಅವುಗಳಿಗೆ ಯಾವ ಕೇಸ್ಕರರ ಅಡ್ಡಿಯೂ ಬೇಕಾಗಲಿಲ್ಲ. ಹಾಡನ್ನು ಹಾಡಾಗಿಯೇ ತೂಗಬೇಕು.

ಹಾಗೆ ತೂಗಿದಾಗ ನಮಗೆ ತೋರುವುದು ಇದು. ದೀಕ್ಷಿತರ ಕಂಠ ತೆರೆದ ಬಯಲಿನ ಕಂಠ. ಕೋಣೆಯಲ್ಲಿ ಕುಳಿತು ಹಾಡುವವರ ನಯ ಅದರಲ್ಲಿಲ್ಲ, ಇರಬೇಕಾಗಿಯೂ ಇಲ್ಲ. ತತ್ತ್ವಪದವೆಂದರೆ ಮೆಲುದನಿಯ ಭಾವಗೀತೆ ಎಂಬ ಕಲ್ಪನೆ ನಮ್ಮಲ್ಲಿ ಬೆಳೆದದ್ದು ಧ್ವನಿಸುರುಳಿಗಳಿಂದ. ಹಳ್ಳಿಯ ಭಜನೆಯನ್ನು ರಾತ್ರಿಯೆಲ್ಲ ಕೇಳಿದವರಿಗೆ ಗೊತ್ತು, ಅಲ್ಲಿ ತಾಳದ ಸಪ್ಪಳಕ್ಕೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಹಾಡುವವನು ಕೂಗುತ್ತಾನೆ, ಹಿಮ್ಮೇಳ ತಿರುಗಿ ಕೂಗುತ್ತದೆ. ನಡುರಾತ್ರಿಯ ಮೇಲೆ ಕೆಲವರು ಎದ್ದು ಕುಣಿಯುವುದೂ ಉಂಟು. ಆ ಕೂಗು–ಮರುಕೂಗಿನ ಕಸುವನ್ನು ಈ ತಂಡ ಹಿಡಿದಿದೆ. ಷರೀಫರೂ ನಾಜೂಕಿನ ಕವಿಯಲ್ಲ. ಕಣ್ಣಿಗೆ ಬಿದ್ದ ವಸ್ತುವೆಲ್ಲ ಅವರಿಗೆ ಪದವೇ: ಹುಕ್ಕ, ತಂಬೂರಿ, ಕೋಳಿ, ಸೋರುವ ಮಾಡು. ಹೊಸದಾಗಿ ಬಂದ ಗಿರಣಿಯನ್ನು ಕಂಡು ಅದರ ಮೇಲೂ ಪದ ಕಟ್ಟಿದರು. ಯಂತ್ರ ಸೀಮೆಗೆ ಹೊಸದು, ಹೊರಗಿನದು ಎಂದು ಅವರು ಮೂಗು ಮುರಿಯಲಿಲ್ಲ.

ಆದರೆ ಗುಡುಗುಡಿಯ ವಿಷಯದಲ್ಲಿ ಆಕ್ಷೇಪಿಸಿದವರ ಮಾತಿಗೂ ಒಂದು ಗಟ್ಟಿ ಆಧಾರವುಂಟು. ಆ ಪದದಲ್ಲಿ ಮನಸ್ಸೇ ಸಂಚಿ, ಬುದ್ಧಿಯೇ ಬೆಂಕಿ. ಸೇದಿ ಸುಡಬೇಕಾದದ್ದು ಒಳಗಿನ ಮೋಹ. ಹುಕ್ಕವನ್ನು ಕೈಯಲ್ಲಿ ಹಿಡಿದುಕೊಂಡೇ ಷರೀಫರು ಹುಕ್ಕವನ್ನು ಬಿಟ್ಟು ಮೇಲೇರುತ್ತಾರೆ. ಇದು ಪಲ್ಲವಿಯಲ್ಲಿ ಪೂರ್ತಿಯಾಗಿ ತಿಳಿಯದು. ಒಂದೊಂದೇ ನುಡಿ ಕೇಳುತ್ತ ಹೋಗಬೇಕು, ಕಡೆಯಲ್ಲಿ ‘ಶಿಶುನಾಳಧೀಶ’ ಎಂಬ ಅಂಕಿತ ಬಂದಾಗ ಹೊಗೆ ಚದುರಿ ಬಯಲಾಗುತ್ತದೆ. ಕುಣಿಯುವ ಜನಕ್ಕೆ ಪಲ್ಲವಿ ಸಾಕು. ಮಿಕ್ಕ ನುಡಿಗಳು ಡ್ರಮ್ಮಿನ ಕೆಳಗೆ ಎಲ್ಲಿಯೋ ಹೋಗುತ್ತವೆ. ಇಲ್ಲಿ ಹುಕ್ಕಾ ಬಾರುಗಳನ್ನು ಕಂಡು ಬೆಳೆದ ಹುಡುಗರಲ್ಲಿ ಕೆಲವರು ಇದನ್ನು ಸೇದುವುದಕ್ಕೆ ಒಳ್ಳೆಯ ಹಾಡೆಂದೇ ತಿಳಿದಿದ್ದಾರೆ! ಇದು ಗಾಯಕರ ತಪ್ಪೆಂದು ನಾವು ಹೇಳುವುದಿಲ್ಲ. ಅವರು ನುಡಿಗಳನ್ನು ನುಂಗಿ ಹಾಡುವವರಲ್ಲ. ಆದರೆ ಕುಣಿತಕ್ಕೆ ಕಟ್ಟಿದ ಲಯ ಅರ್ಥಕ್ಕೆ ಕಾಯುವುದಿಲ್ಲ. ಪದದ ನಡುವೆ ಉಸಿರು ತೆಗೆದುಕೊಂಡು, ಕೇಳುವವನು ‘ಆಹಾ’ ಎನ್ನಲು ಒಂದು ಗಳಿಗೆ ಬಿಡುವ ಭಜನೆಯ ಸಾವಧಾನ ಇಲ್ಲಿ ಕಡಿಮೆ. ಇದನ್ನು ಕೊರತೆಯೆಂದೇ ನಾವು ಎಣಿಸುತ್ತೇವೆ. ಎರಡು ಪದಗಳಲ್ಲಿ ನಮ್ಮ ಮನಸ್ಸು ಮಾಳಿಗೆಯ ಕಡೆಗೇ ಹೆಚ್ಚು ವಾಲುತ್ತದೆ. ಅಲ್ಲಿ ದುಃಖಕ್ಕೆ ಕುಣಿಯುವ ಆತುರವಿಲ್ಲ.

ಮಾಳಿಗೆಯ ಮಾತು ಬಂದದ್ದರಿಂದ ಮಕ್ಕಳ ತಾಲೀಮಿನ ದಿನ ಕಂಡದ್ದನ್ನು ಹೇಳಿಬಿಡುತ್ತೇವೆ. ಹಾಡಲು ಒಪ್ಪಿಕೊಂಡವರು ಆರು ಮಂದಿ, ಹನ್ನೊಂದರಿಂದ ಹದಿನಾರರ ವಯಸ್ಸಿನವರು. ಅವರಲ್ಲಿ ಕನ್ನಡ ಓದಬಲ್ಲವರು ಇಬ್ಬರು. ಉಳಿದವರು ‘ಸೋರುತಿಹುದು’ ಪದವನ್ನು ದೇವನಾಗರಿಯಲ್ಲಿ ಬರೆದುಕೊಂಡು ಬಂದಿದ್ದರು; ಹಾಡು ಕೇಳಿ, ನಿಲ್ಲಿಸಿ, ಮತ್ತೆ ಕೇಳಿ, ಕಿವಿಗೆ ಬಿದ್ದಂತೆ ಬರೆದದ್ದು. ಕೆಲವು ಮಾತು ಸರಿಯಾಗಿದ್ದವು, ಕೆಲವು ಯಾವ ಭಾಷೆಗೂ ಸೇರದವಾಗಿದ್ದವು. ಧಾರವಾಡದ ಆ ಹಿರಿಯರೂ ಬಂದಿದ್ದರು, ಮೂಲೆಯ ಕುರ್ಚಿಯಲ್ಲಿ, ತಮ್ಮ ಅಸಮಾಧಾನವನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು. ಎಲ್ಲರಿಗಿಂತ ಚಿಕ್ಕವಳು ಅವರ ಬಳಿಗೇ ಹೋಗಿ ಕೇಳಿದಳು: “ಅಜ್ಜಾ, ಮಾಳಿಗಿ ಅಂದ್ರೆ ಏನು? ಅಪ್ಪ ಮಹಡಿ ಅಂತಾರೆ. ಮಹಡಿ ಯಾಕೆ ಸೋರತ್ತೆ?”

ಅವರು ಸ್ವಲ್ಪ ಹೊತ್ತು ಅವಳನ್ನೇ ನೋಡಿದರು. “ನಿಮ್ಮಪ್ಪನ ಕಡಿ ಮಾಳಿಗಿ ಬ್ಯಾರೆ, ನಮ್ಮ ಕಡಿ ಮಾಳಿಗಿ ಬ್ಯಾರೆ ನೋಡವ್ವ,” ಎಂದರು. “ಗ್ವಾಡಿ ಮ್ಯಾಲ ತೊಲಿ ಇಟ್ಟು, ಜಂತಿ ಹಾಕಿ, ಅದರ ಮ್ಯಾಲ ಮಣ್ಣು ಹೊಚ್ಚಿರತಾರ. ಮಣ್ಣಿನ ಮಾಡು ಅದು. ಮಳಿಗಾಲ ಬರೂದಕ್ಕ ಮೊದಲ ಮ್ಯಾಲ ಹತ್ತಿ, ಬಿರುಕು ನೋಡಿ, ಹೊಸಾ ಮಣ್ಣು ಹಾಕಿ ಬಡೀಬೇಕು. ನಾಳೆ ನೋಡೂಣು ಅಂತ ಕುಂತಿ ಅಂದ್ರ, ನಡುರಾತ್ರಿ ಮಾರಿ ಮ್ಯಾಲ ನೀರು ಬೀಳತದ.”

ಅನಂತರ ಅವರು ತಮ್ಮ ಮನೆಯ ಮಾಳಿಗೆಯ ಸಂಗತಿ ಹೇಳಿದರು. ಒಂದು ವರ್ಷ ತಂದೆಯವರು ಕಾಯಿಲೆ ಬಿದ್ದು ಮಣ್ಣು ಹಾಕಿಸಲಾಗಲಿಲ್ಲ. ತಾಯಿ ಇದ್ದಬದ್ದ ಪಾತ್ರೆಯನ್ನೆಲ್ಲ ಹನಿ ಬೀಳುವಲ್ಲಿ ಇಟ್ಟು, ಮಕ್ಕಳನ್ನು ಒಣಗಿದ ಜಾಗಕ್ಕೆ ಸರಿಸುತ್ತ ಸರಿಸುತ್ತ ಬೆಳಗು ಮಾಡಿದರು. ಅಜ್ಜ ಆ ಕತ್ತಲೆಯಲ್ಲಿ ಇದೇ ಪದ ಹಾಡಿಕೊಂಡರು. “ಷರೀಫಜ್ಜ ಹೇಳೂದು ಮನೀ ಬಗ್ಗೆ ಅಲ್ಲವಾ, ನಮ್ಮ ಬಗ್ಗೆ. ಹತ್ತಿ ನೋಡಬೇಕಾದವರು ನಾವ. ನೋಡ್ಲಿಲ್ಲ, ಸೋರಲಿಕ್ಕತ್ತು.” ಗಿಟಾರು ಹಿಡಿದಿದ್ದ ಹುಡುಗ ತಂತಿಯ ಮೇಲೆ ಕೈಯಿಟ್ಟವನು ಹಾಗೆಯೇ ಕುಳಿತಿದ್ದ. ಮುಂದಿನ ಸಲ ಹಾಡುವಾಗ ಅವರೆಲ್ಲರೂ ತಮಗೆ ತಾವೇ ಲಯವನ್ನು ಇಳಿಸಿದ್ದರು. ಯಾರೂ ಹೇಳಿರಲಿಲ್ಲ.

ಈ ಪದವನ್ನು ಮಕ್ಕಳು ಅಶ್ವತ್ಥರ ಧ್ವನಿಯಲ್ಲಿ ಕೇಳಿಯೂ ಕಲಿಯಬಹುದಿತ್ತು ಎಂದು ಒಬ್ಬರು ಹೇಳಿದರು. ಕಲಿಯಬಹುದಿತ್ತು, ಕಲಿಯಲಿಲ್ಲ. ಆ ಧ್ವನಿಸುರುಳಿಗಳು ಎಷ್ಟೋ ಮನೆಗಳ ಅಟ್ಟದ ಪೆಟ್ಟಿಗೆಯಲ್ಲಿವೆ, ಅವನ್ನು ಹಾಕುವ ಯಂತ್ರ ಕೆಟ್ಟು ಯಾವ ಕಾಲವಾಯಿತೋ. ನಾವು ಹಾಕಿ ಕೇಳಿಸಲಿಲ್ಲ. ಮಕ್ಕಳು ತಾವಾಗಿ ಹುಡುಕಿಕೊಂಡ ದಾರಿಯಲ್ಲಿ ಷರೀಫರು ಸಿಕ್ಕರು. ಆ ದಾರಿಯನ್ನೂ ಮುಚ್ಚಿದರೆ ಅವರೇನು ಸುಮ್ಮನೆ ಕುಳಿತಿರುವುದಿಲ್ಲ. ಯಾವುದಾದರೂ ಹಿಂದಿ ಚಿತ್ರಗೀತೆಗೆ ಕುಣಿತ ಕಲಿತು ಬರುತ್ತಾರೆ, ನಾವು ಮೊದಲ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತೇವೆ. ಹಾಗೆ ಆದದ್ದು ಒಂದೆರಡು ವರ್ಷವಲ್ಲ. ಸಿಲೋನ್ ಸ್ಟೇಷನ್ ಈಗ ಪ್ರತಿಯೊಬ್ಬ ಹುಡುಗನ ಜೇಬಿನಲ್ಲಿಯೇ ಇದೆ.

ಆದ್ದರಿಂದ ಈ ವರ್ಷ ಗಿಟಾರು ಇರುತ್ತದೆ. ಹಾರ್ಮೋನಿಯಂ ಕೂಡ ಇರುತ್ತದೆ. ಅದನ್ನು ನುಡಿಸುವವರು ಗಿಟಾರಿನ ಶ್ರುತಿ ತಮ್ಮ ಪೆಟ್ಟಿಗೆಗೆ ಹೊಂದಬೇಕೆಂದೂ, ಗಿಟಾರಿನವನು ಪೆಟ್ಟಿಗೆಯೇ ತನಗೆ ಹೊಂದಬೇಕೆಂದೂ ವಾದಿಸುತ್ತಿದ್ದಾರೆ. ಗುಡುಗುಡಿಯ ಪದವನ್ನು ಮಕ್ಕಳು ಬಹಳ ಆಸೆಪಟ್ಟು ಕೇಳಿದರು. ಎಲ್ಲ ನುಡಿಗಳ ಅರ್ಥವನ್ನೂ ಆರು ಜನರೂ ತಮ್ಮ ಮಾತಿನಲ್ಲಿ ಹೇಳಿದ ದಿನ ಅದನ್ನು ಸೇರಿಸೋಣವೆಂದು ಒಪ್ಪಂದವಾಗಿದೆ. ಈವರೆಗೆ ನಾಲ್ವರು ಹೇಳಿದ್ದಾರೆ. ಐದನೆಯವನು ಚಿಲುಮೆ ಎಂದರೆ ನೀರಿನ ಊಟೆ ಎಂದು ಹಟ ಹಿಡಿದಿದ್ದಾನೆ. ನಿಘಂಟಿನ ಪ್ರಕಾರ ಅವನದೂ ಸರಿಯೇ ಎಂಬುದು ಸಂಕಟ.

ಧಾರವಾಡದ ಹಿರಿಯರು ತಮ್ಮ ಆಕ್ಷೇಪವನ್ನು ಹಿಂತೆಗೆದುಕೊಂಡಿಲ್ಲ. ಡ್ರಮ್ಮು ಬೇಡವೆಂದರೆ ಬೇಡ ಎನ್ನುತ್ತಾರೆ. ತಾಲೀಮಿಗೆ ಮಾತ್ರ ತಪ್ಪದೆ ಬರುತ್ತಿದ್ದಾರೆ, ‘ಮಾಳಿಗಿ’ಯ ಉಚ್ಚಾರಣೆ ತಿದ್ದುವುದಕ್ಕಾಗಿಯಂತೆ. ಎರಡೂ ಪದಗಳ ಪೂರ್ಣ ಪಾಠವನ್ನು ಒಂದು ಬದಿಗೆ ಕನ್ನಡದಲ್ಲಿ, ಇನ್ನೊಂದು ಬದಿಗೆ ದೇವನಾಗರಿಯಲ್ಲಿ ಅಚ್ಚು ಹಾಕಿಸಿದ್ದೇವೆ. ಕಾರ್ಯಕ್ರಮದ ಸಂಜೆ ಬಾಗಿಲಲ್ಲಿಯೇ ಸಿಗುತ್ತದೆ. ಮನೆಗೊಂದರಂತೆ ತೆಗೆದುಕೊಳ್ಳಬೇಕಾಗಿ ವಿನಂತಿ. ಕಳೆದ ವರ್ಷದ ಹಾಳೆಗಳು ಊಟದ ಹೊತ್ತಿಗೆ ಚಕ್ಕುಲಿ ಕಟ್ಟಿಕೊಳ್ಳುವುದಕ್ಕೆ ಖರ್ಚಾಗಿ ಹೋದವು.